ಇಟಲಿಯಲ್ಲಿ ಇಂಗ್ಲಿಷ್ ಮಾಧ್ಯಮದ ವೈದ್ಯಕೀಯ ಪದವಿ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ವಿದೇಶದಲ್ಲಿ ವೈದ್ಯಕೀಯ ಓದಲು ಬಯಸುವವರು ಮೊದಲು ಕೇಳುವುದು ಶುಲ್ಕ ಎಷ್ಟೆಂದು. ಇಟಲಿಯ ವಿಷಯದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಎಷ್ಟು ಹಿತವಾಗಿದೆಯೆಂದರೆ, ಮುಂದಿನ ಪ್ರಶ್ನೆಗಳನ್ನು ಕೇಳುವುದನ್ನೇ ಹಲವರು ಮರೆತುಬಿಡುತ್ತಾರೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಕುಟುಂಬದ ಆದಾಯವನ್ನು ನೋಡಿ ಶುಲ್ಕ ನಿಗದಿ ಮಾಡುತ್ತವೆ. ಕಡಿಮೆ ಆದಾಯದ ಮನೆಯ ವಿದ್ಯಾರ್ಥಿ ಹೆಚ್ಚುಕಡಿಮೆ ಶುಲ್ಕವಿಲ್ಲದೆಯೇ ಆರು ವರ್ಷ ಓದಿ ವೈದ್ಯನಾಗುವುದು ಅಲ್ಲಿ ಸಾಧ್ಯವಿದೆ. ಆದರೆ ಹಣದಲ್ಲಿ ಬಿಟ್ಟುಕೊಟ್ಟದ್ದನ್ನು ಆ ದೇಶ ಕಾಗದಪತ್ರ, ಗಡುವು ಮತ್ತು ಭಾಷೆಯ ರೂಪದಲ್ಲಿ ವಸೂಲು ಮಾಡುತ್ತದೆ. ಆದ್ದರಿಂದ ಈ ಬರಹವನ್ನು ಪ್ರವೇಶದಿಂದಲ್ಲ, ಕೊನೆಯಿಂದ, ಅಂದರೆ ಪದವಿ ಪಡೆದ ಮೇಲೆ ವೃತ್ತಿ ನಡೆಸುವುದೆಲ್ಲಿ ಎಂಬ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಮೊದಲು ತೀರ್ಮಾನವಾಗಬೇಕಾದದ್ದು

ಭಾರತಕ್ಕೆ ಮರಳಿ ವೃತ್ತಿ ನಡೆಸುವ ಉದ್ದೇಶವಿದ್ದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್ 18ರಂದು ಪ್ರಕಟಿಸಿದ ವಿದೇಶಿ ವೈದ್ಯಕೀಯ ಪದವೀಧರರ ನಿಯಮಾವಳಿಯನ್ನು ಅರ್ಜಿ ಹಾಕುವ ಮುನ್ನವೇ ಅಕ್ಷರಶಃ ಓದಿಕೊಳ್ಳಬೇಕು. ಕೋರ್ಸಿನ ಅವಧಿ ಕನಿಷ್ಠ 54 ತಿಂಗಳು ಇರಬೇಕು. ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ವಿದೇಶಿ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಮುಗಿದಿರಬೇಕು. ಓದಿದ ದೇಶದಲ್ಲಿ ಆ ದೇಶದ ಪ್ರಜೆಗೆ ಸಿಗುವಂಥದೇ ವೃತ್ತಿ ಪರವಾನಗಿಗೆ ಅರ್ಹತೆ ಇರಬೇಕು. ಭಾರತಕ್ಕೆ ಬಂದ ಮೇಲೆ ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಇಡೀ ಪ್ರಕ್ರಿಯೆ ಕೋರ್ಸಿಗೆ ಸೇರಿದ ದಿನದಿಂದ 10 ವರ್ಷಗಳೊಳಗೆ ಮುಗಿಯಬೇಕು. ಇವುಗಳ ಮೇಲೆ ಅರ್ಹತಾ ಪರೀಕ್ಷೆ ಇದ್ದೇ ಇದೆ. ನೆಕ್ಸ್ಟ್ ಎಂಬ ರಾಷ್ಟ್ರೀಯ ನಿರ್ಗಮನ ಪರೀಕ್ಷೆ ಜಾರಿಗೆ ಬರುವವರೆಗೆ ಅದು ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ಓದಿದ ವೈದ್ಯರಿಗೆ ಭಾರತ ನಡೆಸುವ ಪರೀಕ್ಷೆ. 300 ಬಹುಆಯ್ಕೆ ಪ್ರಶ್ನೆಗಳಲ್ಲಿ 150 ಸರಿಯಾದರೆ ಉತ್ತೀರ್ಣ.

ಈ ಪಟ್ಟಿಯಲ್ಲಿ ಇಟಲಿಗೆ ಹೋಗುವವರು ನಿಂತು ಯೋಚಿಸಬೇಕಾದದ್ದು ಇಂಟರ್ನ್‌ಶಿಪ್ಪಿನ ಸಾಲು. ಇಟಲಿಯ ವೈದ್ಯಕೀಯ ಪದವಿ ಆರು ವರ್ಷಗಳ, 360 ಕ್ರೆಡಿಟ್‌ಗಳ (ಓದಿನ ಹೊರೆಯನ್ನು ಅಳೆಯುವ ಅಂಕಗಳ) ಒಂದೇ ಅಖಂಡ ಕೋರ್ಸು. ಅದರಲ್ಲಿ 60 ಕ್ರೆಡಿಟ್ ಪ್ರಾಯೋಗಿಕ ತರಬೇತಿಗೆ ಮೀಸಲಾಗಿದ್ದು, ಅವುಗಳ ಪೈಕಿ 15 ಕ್ರೆಡಿಟ್‌ಗಳು ಮೌಲ್ಯಮಾಪನ ಸಹಿತವಾದ ಮೂರು ತಿಂಗಳ ತರಬೇತಿಗೆ ಸಲ್ಲುತ್ತವೆ: ಒಂದು ತಿಂಗಳು ವೈದ್ಯಕೀಯ ವಿಭಾಗ, ಒಂದು ತಿಂಗಳು ಶಸ್ತ್ರಚಿಕಿತ್ಸೆ, ಇನ್ನೊಂದು ತಿಂಗಳು ಕುಟುಂಬ ವೈದ್ಯರ ಬಳಿ. ಮೊದಲು ಪದವಿಯ ನಂತರ ಪ್ರತ್ಯೇಕ ಪರವಾನಗಿ ಪರೀಕ್ಷೆ ಇರುತ್ತಿತ್ತು. ಕೋವಿಡ್ ತುರ್ತಿನ ನಡುವೆ 2020ರ ಮಾರ್ಚಿನಲ್ಲಿ ಹೊರಬಿದ್ದ ಶಾಸನ ಅದನ್ನು ತೆಗೆದುಹಾಕಿ, ಪದವಿಯೇ ಪರವಾನಗಿಯ ಅರ್ಹತೆ ನೀಡುವಂತೆ ಮಾಡಿತು. ಇಟಲಿಯಲ್ಲೇ ಉಳಿಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಪದವಿಯ ನಂತರದ ಒಂದು ವರ್ಷದ ಇಂಟರ್ನ್‌ಶಿಪ್ ಎಂಬ, ಭಾರತದಲ್ಲಿ ನಾವು ಬಲ್ಲ ವ್ಯವಸ್ಥೆ ಅಲ್ಲಿ ಆ ರೂಪದಲ್ಲಿ ಇಲ್ಲ. ಹಾಗಾಗಿ ಕೋರ್ಸಿನೊಳಗಿನ ವಾರ್ಡ್ ತರಬೇತಿಯನ್ನು 12 ತಿಂಗಳ ಇಂಟರ್ನ್‌ಶಿಪ್ ಎಂದು ವಿಶ್ವವಿದ್ಯಾಲಯ ಪ್ರಮಾಣೀಕರಿಸುವುದೇ, ಇಲ್ಲವೇ ಎಂಬುದನ್ನು ಅದರ ವಿದ್ಯಾರ್ಥಿ ಕಚೇರಿಯಿಂದ ಲಿಖಿತವಾಗಿ ಪಡೆದುಕೊಳ್ಳಿ. ಅದನ್ನು ಒಪ್ಪುವಿರಾ ಎಂದು ಆಯೋಗಕ್ಕೂ ಲಿಖಿತವಾಗಿಯೇ ಕೇಳಿ. ಏಜೆಂಟರ ಬಾಯಿಮಾತಿನ ಭರವಸೆ ಆರು ವರ್ಷಗಳ ನಂತರ ಯಾವ ಕಚೇರಿಯಲ್ಲೂ ಚಲಾವಣೆಯಾಗುವುದಿಲ್ಲ.

ಇದೇ ನಿಯಮಾವಳಿಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಷರತ್ತಿದೆ. ತರಬೇತಿಯ ಯಾವ ಭಾಗವೂ ಪದವಿ ಪಡೆದ ದೇಶದ ಹೊರಗೆ ನಡೆದಿರಬಾರದು. ಯೂರೋಪಿನ ವಿದ್ಯಾರ್ಥಿಗಳು ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಒಂದು ಸೆಮಿಸ್ಟರ್ ಸ್ಪೇನಿನಲ್ಲೋ ಜರ್ಮನಿಯಲ್ಲೋ ಓದಿ ಬರುವುದು ಸರ್ವೇಸಾಮಾನ್ಯ, ಸಹಪಾಠಿಗಳೆಲ್ಲ ಹೊರಟಾಗ ಮನಸ್ಸು ಎಳೆಯುವುದೂ ಸಹಜ. ಭಾರತದಲ್ಲಿ ನೋಂದಣಿ ಬೇಕೆನ್ನುವವರು ಆ ಸೆಳೆತವನ್ನು ಮೀರಬೇಕಾಗುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಪರಿಚಿತ ಆಸ್ಪತ್ರೆಯಲ್ಲಿ ಕೆಲಸ ಕಲಿಯುವುದು ಒಳ್ಳೆಯದೇ, ಆದರೆ ಅದನ್ನು ಕೋರ್ಸಿನ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ.

ಯೂರೋಪಿನಲ್ಲೇ ನೆಲೆ ನಿಲ್ಲುವುದು ಖಚಿತವೆಂದಾದರೆ ಈ ತೊಡಕುಗಳಾವುವೂ ಕಾಡವು. ಆದರೂ ನೀಟ್ ಬರೆದು ಅರ್ಹತೆ ಪಡೆದೇ ಹೊರಡುವುದು ವಿವೇಕ. ವಿದೇಶದಲ್ಲಿ ವೈದ್ಯಕೀಯ ಸೇರುವ ಭಾರತೀಯರಿಗೆ 2018ರಿಂದ ನೀಟ್ ಅರ್ಹತೆ ಕಡ್ಡಾಯವಾಗಿದೆ, ಆ ಫಲಿತಾಂಶ ಈ ಉದ್ದೇಶಕ್ಕೆ ಮೂರು ವರ್ಷ ಸಿಂಧುವಾಗಿರುತ್ತದೆ. ಹದಿನೆಂಟನೆಯ ವಯಸ್ಸಿನ ಖಚಿತ ನಿರ್ಧಾರ ಇಪ್ಪತ್ತನಾಲ್ಕರ ವೇಳೆಗೆ ಬದಲಾಗಿರುವುದು ಅಪರೂಪವೇನಲ್ಲ. ಆಗ ಹಿಂದಕ್ಕೆ ಹೋಗಿ ನೀಟ್ ಬರೆಯಲಾಗದು.

ಪ್ರವೇಶ ಪರೀಕ್ಷೆ

ಸರ್ಕಾರಿ ವಿಶ್ವವಿದ್ಯಾಲಯಗಳ ಇಂಗ್ಲಿಷ್ ಮಾಧ್ಯಮದ ವೈದ್ಯಕೀಯ ಕೋರ್ಸುಗಳಿಗೆ ಐಮ್ಯಾಟ್ ಎಂಬ ಒಂದೇ ಪರೀಕ್ಷೆ. ಪಾವಿಯಾ, ಮಿಲಾನ್, ಬೊಲೋನ್ಯಾ, ಪಾದುವಾ, ತೊರಿನೊ, ರೋಮಿನ ಸಪಿಯೆಂಜಾ ಮತ್ತು ತೋರ್ ವೆರ್ಗಾತಾ, ನಾಪೊಲಿ, ಬಾರಿ, ಮೆಸ್ಸಿನಾ ಮುಂತಾದ ಕಡೆ ಇಂಥ ಕೋರ್ಸುಗಳಿವೆ. ಪಾವಿಯಾದ ಇಂಗ್ಲಿಷ್ ಕೋರ್ಸಿಗೆ ಹಾರ್ವೆ ಎಂದು ಹೆಸರು; ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ ಇಂಗ್ಲೆಂಡಿನಿಂದ ಇಟಲಿಗೆ ಬಂದು ಓದಿ 1602ರಲ್ಲಿ ಪದವಿ ಪಡೆದದ್ದು ಮಾತ್ರ ಪಾದುವಾದಲ್ಲಿ. ವೈದ್ಯಕೀಯ ಕಲಿಯಲು ದೇಶ ದಾಟಿ ಈ ನೆಲಕ್ಕೆ ಬರುವುದು ಇಂದಿನ ಫ್ಯಾಷನ್ನೇನೂ ಅಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆ ನಡೆಸುತ್ತವೆ. ಅವುಗಳ ವಾರ್ಷಿಕ ಶುಲ್ಕ 20,000 ಯೂರೋ ಆಸುಪಾಸಿಗೆ ತಲುಪುವುದುಂಟು, ಹಾಗಾಗಿ ಇಟಲಿ ಅಗ್ಗವೆಂಬ ಮಾತು ಅವುಗಳಿಗೆ ಅನ್ವಯಿಸದು.

ಐಮ್ಯಾಟ್‌ನಲ್ಲಿ 60 ಪ್ರಶ್ನೆಗಳು, 100 ನಿಮಿಷಗಳು. ಈಚಿನ ವರ್ಷಗಳ ಹಂಚಿಕೆಯಂತೆ ಜೀವಶಾಸ್ತ್ರಕ್ಕೆ 23, ರಸಾಯನಶಾಸ್ತ್ರಕ್ಕೆ 15, ಭೌತಶಾಸ್ತ್ರ ಮತ್ತು ಗಣಿತಕ್ಕೆ ಸೇರಿ 13, ತಾರ್ಕಿಕ ಚಿಂತನೆಗೆ 5, ಓದಿನ ಗ್ರಹಿಕೆ ಹಾಗೂ ಸಾಮಾನ್ಯ ಜ್ಞಾನಕ್ಕೆ 4 ಪ್ರಶ್ನೆಗಳಿರುತ್ತವೆ. ನೀಟ್‌ಗೆ ಓದಿದವರಿಗೆ ಜೀವಶಾಸ್ತ್ರ, ರಸಾಯನಶಾಸ್ತ್ರಗಳು ಭಾರವೆನಿಸುವುದಿಲ್ಲ. ಎಡವುವುದು ಗಣಿತದಲ್ಲಿ; ನೀಟ್‌ನಲ್ಲಿ ಗಣಿತವೇ ಇಲ್ಲವಾದ್ದರಿಂದ ಲಾಗರಿದಮ್, ತ್ರಿಕೋನಮಿತಿ, ಸಂಭಾವ್ಯತೆಗಳನ್ನು ಎರಡು ವರ್ಷ ಮುಟ್ಟದೆ ಬಂದವರು ಬಹಳ. ಮೇ ತಿಂಗಳಲ್ಲಿ ನೀಟ್ ಮುಗಿದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಐಮ್ಯಾಟ್‌ವರೆಗೆ ಸಿಗುವ ನಾಲ್ಕು ತಿಂಗಳಲ್ಲಿ ಹೆಚ್ಚಿನ ಪಾಲನ್ನು ಗಣಿತಕ್ಕೂ ತರ್ಕಕ್ಕೂ ಕೊಡುವುದು ಲಾಭದಾಯಕ. 2024 ಮತ್ತು 2025 ಎರಡೂ ವರ್ಷ ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 17ರಂದು.

ಅಂಕ ನೀಡಿಕೆಯನ್ನು ಅರ್ಥಮಾಡಿಕೊಂಡರೆ ಊಹೆಯ ಬಗ್ಗೆ ಒಂದು ಸ್ಪಷ್ಟ ನೀತಿ ದೊರೆಯುತ್ತದೆ. ಸರಿ ಉತ್ತರಕ್ಕೆ 1.5 ಅಂಕ, ತಪ್ಪಿಗೆ 0.4 ಕಡಿತ, ಬಿಟ್ಟರೆ ಸೊನ್ನೆ. ಪ್ರತಿ ಪ್ರಶ್ನೆಗೆ ಐದು ಆಯ್ಕೆಗಳು. ಏನೂ ತಿಳಿಯದೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ 0.02 ಅಂಕದ ನಷ್ಟ, ಅಂದರೆ ಹೆಚ್ಚುಕಡಿಮೆ ಸಮ. ಒಂದೇ ಒಂದು ಆಯ್ಕೆಯನ್ನು ತಪ್ಪೆಂದು ಖಚಿತವಾಗಿ ತಳ್ಳಿಹಾಕಬಲ್ಲಿರಾದರೂ ಊಹೆ ಲಾಭದ ಕಡೆಗೆ ತಿರುಗುತ್ತದೆ. ಆದ್ದರಿಂದ ಎರಡು ಆಯ್ಕೆಗಳ ನಡುವೆ ತೂಗಾಡುತ್ತಿರುವ ಪ್ರಶ್ನೆಯನ್ನು ಭಯದಿಂದ ಬಿಡುವುದು ಲೆಕ್ಕದಲ್ಲಿ ತಪ್ಪು.

ಪರೀಕ್ಷೆಯಷ್ಟೇ ನಿರ್ಣಾಯಕವಾದದ್ದು ವಿಶ್ವವಿದ್ಯಾಲಯದ ಆಯ್ಕೆ. ಯೂರೋಪಿಯನ್ ಒಕ್ಕೂಟದ ಅಭ್ಯರ್ಥಿಗಳಿಗೆ ರಾಷ್ಟ್ರಮಟ್ಟದ ಒಂದೇ ಶ್ರೇಯಾಂಕ ಪಟ್ಟಿ ಇದ್ದು, ಒಂದು ಕಡೆ ಸೀಟು ತಪ್ಪಿದವರು ಮುಂದಿನ ಆದ್ಯತೆಯ ಕಡೆ ಸಾಗಬಹುದು. ಭಾರತೀಯರಂತೆ ಒಕ್ಕೂಟದ ಹೊರಗೆ ವಾಸಿಸುವ ಹೊರದೇಶೀಯರಿಗೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಪ್ರತ್ಯೇಕ ಸೀಟುಗಳನ್ನಿಟ್ಟು ತನ್ನದೇ ಪಟ್ಟಿ ತಯಾರಿಸುತ್ತದೆ. ಮಿಲಾನನ್ನು ಆರಿಸಿ ಒಂದು ಅಂಕದಿಂದ ಸೋತವನಿಗಿಂತ ಕಡಿಮೆ ಅಂಕ ಪಡೆದವನು ದಕ್ಷಿಣದ ನಗರವೊಂದರಲ್ಲಿ ಸೀಟು ಪಡೆಯುವುದು ಇದರಿಂದಲೇ. ಹಿಂದಿನ ಮೂರ್ನಾಲ್ಕು ವರ್ಷಗಳಲ್ಲಿ ಆ ವಿಶ್ವವಿದ್ಯಾಲಯದ ಹೊರದೇಶೀಯರ ಪಟ್ಟಿಯಲ್ಲಿ ಕೊನೆಯ ಸೀಟು ಎಷ್ಟು ಅಂಕಕ್ಕೆ ನಿಂತಿತು, ಸೀಟುಗಳೆಷ್ಟಿದ್ದವು ಎಂಬುದನ್ನು ಕೂಡಿಹಾಕಿ, ಅಭ್ಯಾಸ ಪರೀಕ್ಷೆಗಳಲ್ಲಿ ನಿಮಗೆ ಬರುತ್ತಿರುವ ಅಂಕದೊಂದಿಗೆ ಹೋಲಿಸಿ ಆರಿಸಿ. ನಗರದ ಮೋಹಕ್ಕೆ ಇಲ್ಲಿ ಜಾಗ ಕೊಡಬೇಡಿ.

ನಡುವೆ ಒಂದು ಮಾತು: 2025ರಲ್ಲಿ ಇಟಲಿ ತನ್ನ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನೇ ರದ್ದುಪಡಿಸಿತೆಂಬ ಸುದ್ದಿಯನ್ನು ನಂಬಿ ನಿರಾಳವಾದವರಿದ್ದಾರೆ. ಮೊದಲ ಸೆಮಿಸ್ಟರಿಗೆ ಮುಕ್ತ ಪ್ರವೇಶ ಕೊಟ್ಟು ನಂತರ ಸೋಸುವ ಆ ಸುಧಾರಣೆ ಇಟಾಲಿಯನ್ ಮಾಧ್ಯಮದ ಕೋರ್ಸುಗಳಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಮಾಧ್ಯಮಕ್ಕೆ ಐಮ್ಯಾಟ್ ಮುಂದುವರಿದಿದೆ.

ಕಾಗದಪತ್ರಗಳ ಕ್ರಮ

ಯೂನಿವರ್ಸಿಟಲಿ ಎಂಬ ಸರ್ಕಾರಿ ಜಾಲತಾಣದಲ್ಲಿ ಪೂರ್ವನೋಂದಣಿ ಮಾಡುವುದು ಮೊದಲ ಹೆಜ್ಜೆ; ವೀಸಾಕ್ಕೆ ಇದೇ ಆಧಾರ. ಐಮ್ಯಾಟ್‌ಗೆ ಹೆಸರು ನೋಂದಾಯಿಸಿ ಶುಲ್ಕ ಕಟ್ಟುವುದು ಬೇರೆಯೇ ಕೆಲಸ, ಅದಕ್ಕೆ ಬೇಸಿಗೆಯಲ್ಲಿ ಕೆಲವೇ ದಿನಗಳ ಅವಕಾಶವಿರುತ್ತದೆ. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿ ಆಗುತ್ತದೆಂಬ ಭ್ರಮೆಯಲ್ಲಿ ವರ್ಷ ಕಳೆದುಕೊಂಡವರುಂಟು.

ಇಟಲಿ 12 ವರ್ಷಗಳ ಶಾಲಾ ಶಿಕ್ಷಣವನ್ನು ಕೇಳುತ್ತದೆ, ಆದ್ದರಿಂದ ಪಿಯುಸಿ ಅಥವಾ ಅದಕ್ಕೆ ಸಮನಾದ ಪ್ರಮಾಣಪತ್ರ ಸಾಕು. ಆದರೆ ಅದಕ್ಕೆ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿಯೆಂದು ವಿದೇಶಕ್ಕಾಗಿ ಸರ್ಕಾರ ಕೊಡುವ ದೃಢೀಕರಣ) ಬೇಕು, ಇಟಾಲಿಯನ್ ಭಾಷಾಂತರ ಬೇಕು, ಅದರ ಮೇಲೆ ಆ ಪ್ರಮಾಣಪತ್ರ ಇಟಲಿಯಲ್ಲಿ ಯಾವುದಕ್ಕೆ ಸಮ ಎಂದು ತಿಳಿಸುವ ಕಾನ್ಸುಲೇಟ್‌ನ ಮೌಲ್ಯ ಘೋಷಣೆ ಅಥವಾ ವಿದೇಶಿ ಪ್ರಮಾಣಪತ್ರಗಳನ್ನು ತೂಗುವ ಚಿಮೆಯಾ ಸಂಸ್ಥೆಯ ತುಲನಾ ಪತ್ರ ಬೇಕು. ಎರಡರಲ್ಲಿ ಯಾವುದೆಂಬುದನ್ನು ವಿಶ್ವವಿದ್ಯಾಲಯ ಹೇಳುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರಿನ ಕಾಗುಣಿತ ಒಂದೇ ಆಗಿರಲಿ. ಇನಿಷಿಯಲ್‌ಗಳನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ನಮ್ಮ ರೂಢಿ, ಹೆಸರನ್ನೂ ಕುಲನಾಮವನ್ನೂ ಪ್ರತ್ಯೇಕವಾಗಿ ಕೇಳುವ ಯೂರೋಪಿನ ಗುಮಾಸ್ತನ ಮುಂದೆ ದೊಡ್ಡ ಗೋಜಲಾಗುತ್ತದೆ, ಮತ್ತು ಅದನ್ನು ಸರಿಪಡಿಸಲು ಹಿಡಿಯುವ ಕಾಲ ವೀಸಾ ಸಿಗಲು ಹಿಡಿಯುವ ಕಾಲಕ್ಕಿಂತ ಹೆಚ್ಚಿರಬಹುದು.

ವಿದ್ಯಾರ್ಥಿವೇತನದ ಅರ್ಜಿಯ ಗಡುವು ನಿರೀಕ್ಷಿಸಿದ್ದಕ್ಕಿಂತ ಬೇಗ ಬರುತ್ತದೆ. ಇದನ್ನು ಕೊಡುವುದು ಬಹುತೇಕ ಕಡೆ ವಿಶ್ವವಿದ್ಯಾಲಯವಲ್ಲ, ಆಯಾ ಪ್ರಾಂತದ ವಿದ್ಯಾರ್ಥಿ ಕಲ್ಯಾಣ ಸಂಸ್ಥೆ. ಪಿಯೆಮೊಂತೆಯಲ್ಲಿ ಎದಿಸು, ಎಮಿಲಿಯಾ ರೊಮಾನ್ಯಾದಲ್ಲಿ ಎರ್ಗೊ, ಲಾತ್ಸಿಯೋದಲ್ಲಿ ದಿಸ್ಕೊ. ಶುಲ್ಕ ಮನ್ನಾ, ನಗದು, ಊಟ, ಸಿಕ್ಕರೆ ಹಾಸ್ಟೆಲ್ ಎಲ್ಲವೂ ಇದರಲ್ಲಿ ಸೇರಿರುತ್ತವೆ. ಹಲವು ಪ್ರಾಂತಗಳಲ್ಲಿ ಇದರ ಗಡುವು ಐಮ್ಯಾಟ್ ಫಲಿತಾಂಶಕ್ಕೂ ಮುನ್ನ, ಆಗಸ್ಟ್ ಇಲ್ಲವೇ ಸೆಪ್ಟೆಂಬರಿನಲ್ಲಿ ಮುಗಿದುಹೋಗುತ್ತದೆ. ಸೀಟು ಸಿಗಲಿ, ಆಮೇಲೆ ನೋಡೋಣ ಎಂದವರಿಗೆ ಮೊದಲ ವರ್ಷದ ವೇತನ ತಪ್ಪುತ್ತದೆ. ಸೀಟು ಖಚಿತವಾಗುವ ಮುನ್ನವೇ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ.

ಅದಕ್ಕೆ ಬೇಕಾದದ್ದು ಇಸೇ ಪಾರಿಫಿಕಾತೊ ಎಂಬ ಆರ್ಥಿಕ ಸೂಚ್ಯಂಕ. ವಿದೇಶದಲ್ಲಿರುವ ಕುಟುಂಬದ ಆದಾಯ, ಮನೆ ಮತ್ತು ಜಮೀನು, ಬ್ಯಾಂಕಿನಲ್ಲಿರುವ ಮೊತ್ತ, ಸದಸ್ಯರ ಸಂಖ್ಯೆ ಇಷ್ಟನ್ನೂ ನೋಡಿ ಇಟಲಿಯ ಕಾಫ್ ಎಂಬ ತೆರಿಗೆ ನೆರವು ಕಚೇರಿಗಳು ಇದನ್ನು ಲೆಕ್ಕ ಹಾಕುತ್ತವೆ. ಕೇಳುವುದು ಕಳೆದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ ವಿವರ. ಅದೂ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ನಮ್ಮ ತೆರಿಗೆ ವರ್ಷ ಏಪ್ರಿಲ್‌ನಿಂದ ಆರಂಭವಾಗುವುದರಿಂದ ಆದಾಯ ಪತ್ರದಲ್ಲಿ ಅವಧಿಯನ್ನು ಸ್ಪಷ್ಟವಾಗಿ ನಮೂದು ಮಾಡಿಸಿಕೊಳ್ಳಬೇಕು. ಎಲ್ಲವಕ್ಕೂ ಅಪೊಸ್ಟಿಲ್ ಮತ್ತು ಭಾಷಾಂತರ. ಮೇ, ಜೂನ್ ತಿಂಗಳಲ್ಲಿ ಈ ಕಡತ ಸಿದ್ಧವಾಗಿದ್ದರೆ ಮಾತ್ರ ಆಗಸ್ಟ್ ಗಡುವು ಹಿಡಿಯಲು ಸಾಧ್ಯ.

ವೀಸಾ ಮತ್ತು ಮೊದಲ ವಾರಗಳು

ಫಲಿತಾಂಶ ಬಂದ ಮೇಲೆ ಸಮಯ ಓಡತೊಡಗುತ್ತದೆ. ತರಗತಿಗಳು ಅಕ್ಟೋಬರಿನಲ್ಲೇ ಶುರುವಾಗುತ್ತವೆ, ಹಾಜರಿ ಕಡ್ಡಾಯ. ಡಿ ವರ್ಗದ (ದೀರ್ಘ ವಾಸದ) ವಿದ್ಯಾರ್ಥಿ ವೀಸಾ ಪಡೆದು ತಲುಪುವ ವೇಳೆಗೆ ನವೆಂಬರ್ ಕಳೆದಿರುವುದೂ ಉಂಟು. ಜೀವನೋಪಾಯಕ್ಕೆ ಹಣವಿದೆಯೆಂದು ತೋರಿಸಬೇಕಾದ ಮೊತ್ತವನ್ನು ಇಟಲಿಯ ಸಾಮಾಜಿಕ ಭತ್ಯೆಗೆ ಜೋಡಿಸಲಾಗಿದೆ. 2024ರಲ್ಲಿ ಅದು ತಿಂಗಳಿಗೆ 534.41 ಯೂರೋ ಇತ್ತು, ಪ್ರತಿವರ್ಷ ಏರುತ್ತದೆ. ಇದು ವೀಸಾ ಅಧಿಕಾರಿಗೆ ತೋರಿಸುವ ಲೆಕ್ಕವೇ ಹೊರತು ಬದುಕುವ ಲೆಕ್ಕವಲ್ಲ. ಮಿಲಾನಿನಲ್ಲಿ ಒಂಟಿ ಕೋಣೆಯೊಂದರ ಬಾಡಿಗೆಯೇ 600 ಯೂರೋ ದಾಟುವುದು ಸಾಮಾನ್ಯ. ಮೆಸ್ಸಿನಾ, ಬಾರಿಯಂಥ ದಕ್ಷಿಣದ ನಗರಗಳಲ್ಲಿ ಕೈಗೆಟಕುವ ಬಾಡಿಗೆ ಸಿಗುತ್ತದೆ. ಬಾಡಿಗೆ ಕರಾರು ನೋಂದಾಯಿತವಾಗಿರಲಿ. ಊರಿನಿಂದ ದೂರ ಬಂದ ವಿದ್ಯಾರ್ಥಿಗೆ ಸಲ್ಲುವ ಹೆಚ್ಚಿನ ವಿದ್ಯಾರ್ಥಿವೇತನ ಬೇಕಾದರೆ ವರ್ಷದಲ್ಲಿ ಕನಿಷ್ಠ 10 ತಿಂಗಳ ಬಾಡಿಗೆ ಕಟ್ಟಿದ್ದಕ್ಕೆ ದಾಖಲೆ ಬೇಕು, ಕರಾರಿಲ್ಲದೆ ಕೈಯಿಂದ ಹಣ ಕೊಟ್ಟು ಹಿಡಿದ ಕೋಣೆಗೆ ಅಂಥ ದಾಖಲೆ ಇರುವುದಿಲ್ಲ.

ಇಟಲಿ ಮುಟ್ಟಿದ 8 ಕೆಲಸದ ದಿನಗಳೊಳಗೆ ವಾಸ ಪರವಾನಗಿಗೆ, ಅಂದರೆ ಪೆರ್ಮೆಸ್ಸೊ ದಿ ಸೊಜೊರ್ನೊಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಸಿಗುವ ಲಕೋಟೆಯಲ್ಲಿ ಅರ್ಜಿ ತುಂಬಿ, 16 ಯೂರೋ ಮೌಲ್ಯದ ಮುದ್ರಾಂಕ ಹಚ್ಚಿ, ಅಲ್ಲೇ ಸಲ್ಲಿಸಿ ರಸೀದಿ ಪಡೆಯುವುದು. ನಂತರ ಕ್ವೆಸ್ತೂರಾ ಎಂಬ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು. ಕಾರ್ಡು ಕೈಸೇರಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಆ ರಸೀದಿಯೇ ನಿಮ್ಮ ಗುರುತು. ಬ್ಯಾಂಕ್ ಖಾತೆಗೂ ಬಾಡಿಗೆ ಕರಾರಿಗೂ ಬೇಕಾಗುವ ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ ಉಚಿತವಾಗಿ ಸಿಗುತ್ತದೆ. ರಾಷ್ಟ್ರೀಯ ಆರೋಗ್ಯ ಸೇವೆಗೆ ಸ್ವಯಂ ನೋಂದಣಿ ಮಾಡಿಕೊಳ್ಳುವ ವಿದ್ಯಾರ್ಥಿಗಳು ಕಟ್ಟಬೇಕಾದ ಮೊತ್ತ 2024ರಿಂದ ವರ್ಷಕ್ಕೆ 700 ಯೂರೋಗೆ ಏರಿತು. ಅದಕ್ಕೆ ಮುಂಚೆ ಅದು 149.77 ಯೂರೋ ಮಾತ್ರ ಇತ್ತು. ಹಳೆಯ ಮಾಹಿತಿಯನ್ನು ನಂಬಿ ಬಜೆಟ್ ಹಾಕಬೇಡಿ.

ಓದಿನ ರೀತಿ

ಇಟಲಿಯ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಯನ್ನು ಕಂಗಾಲಾಗಿಸುವುದು ಮೌಖಿಕ ಪರೀಕ್ಷೆ. ಅಂಗರಚನಾಶಾಸ್ತ್ರದಂಥ ಬೃಹತ್ ವಿಷಯವನ್ನು ಪ್ರಾಧ್ಯಾಪಕರ ಎದುರು ಕುಳಿತು, ಉಳಿದ ವಿದ್ಯಾರ್ಥಿಗಳು ಹಿಂದಿನ ಸಾಲಿನಲ್ಲಿ ಕೇಳುತ್ತಿರುವಾಗ, ಬಾಯಿಬಿಟ್ಟು ವಿವರಿಸಬೇಕು. 30ಕ್ಕೆ 18 ಬಂದರೆ ಉತ್ತೀರ್ಣ. ಅತ್ಯುತ್ತಮರಿಗೆ 30ರ ಮೇಲೆ ವಿಶೇಷ ಪ್ರಶಂಸೆ. ಬಂದ ಅಂಕ ಸಾಲದೆನಿಸಿದರೆ ಅಲ್ಲೇ ತಿರಸ್ಕರಿಸಿ ಮುಂದಿನ ಅವಕಾಶದಲ್ಲಿ ಮತ್ತೆ ಪರೀಕ್ಷೆಗೆ ಕೂರುವುದು ಅಲ್ಲಿನ ರೂಢಿ. ಜನವರಿ-ಫೆಬ್ರವರಿ, ಜೂನ್-ಜುಲೈ, ಸೆಪ್ಟೆಂಬರ್ ಎಂದು ಪರೀಕ್ಷಾ ಅವಧಿಗಳು ಹಲವು. ಈ ಸ್ವಾತಂತ್ರ್ಯವೇ ಬಲೆಯೂ ಹೌದು: ಮುಂದೂಡುತ್ತ ಹೋದವರು ಆರು ವರ್ಷದ ಕೋರ್ಸನ್ನು ಎಂಟಕ್ಕೆ ಎಳೆಯುತ್ತಾರೆ, ಇಟಲಿಯಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಭಾರತದ 10 ವರ್ಷಗಳ ಮಿತಿ ಮಾತ್ರ ಅವರಿಗಾಗಿ ಕಾಯುವುದಿಲ್ಲ.

ವಿದ್ಯಾರ್ಥಿವೇತನವೂ ಕಾಯುವುದಿಲ್ಲ. ಮೊದಲ ವರ್ಷದವರು ಆಗಸ್ಟ್ 10ರೊಳಗೆ 20 ಕ್ರೆಡಿಟ್ ಗಳಿಸಿದರೆ ಎರಡನೆಯ ಕಂತು ಬರುತ್ತದೆ. ನವೆಂಬರ್ 30ರ ಹೊತ್ತಿಗೂ ಅಷ್ಟು ಗಳಿಸದಿದ್ದರೆ ಕೊಟ್ಟದ್ದನ್ನೂ ಹಿಂದಕ್ಕೆ ಕೇಳುತ್ತಾರೆ. ತಡವಾಗಿ ತಲುಪಿದವರು ಎಲ್ಲ ವಿಷಯಗಳನ್ನೂ ಒಟ್ಟಿಗೆ ಹಿಡಿಯಲು ಹೋಗದೆ, 20 ಕ್ರೆಡಿಟ್ ತುಂಬಿಸುವ ಎರಡು ಮೂರು ವಿಷಯಗಳನ್ನು ಆರಿಸಿ ಅವನ್ನು ಮೊದಲು ಮುಗಿಸುವುದು ಲೇಸು. ಓದಿನ ಜೊತೆ ವಾರಕ್ಕೆ 20 ಗಂಟೆ ಕೆಲಸ ಮಾಡಲು ಪರವಾನಗಿ ಇದೆ, ಆದರೆ ವೈದ್ಯಕೀಯದ ಮೊದಲ ಎರಡು ವರ್ಷ ಅದನ್ನು ನೆಚ್ಚಿ ಖರ್ಚಿನ ಲೆಕ್ಕ ಹಾಕುವುದನ್ನು ನಾನು ಒಪ್ಪಲಾರೆ.

ಇಂಗ್ಲಿಷ್ ಮಾಧ್ಯಮ ಎಂಬುದು ತರಗತಿಯ ಕೋಣೆಗೆ ಮಾತ್ರ ಸತ್ಯ. ಮೂರನೆಯ ವರ್ಷದಿಂದ ವಾರ್ಡಿನಲ್ಲಿ ಎದುರಾಗುವ ಎಂಬತ್ತು ವರ್ಷದ ಅಜ್ಜಿ ತನ್ನ ಎದೆನೋವನ್ನು ಇಟಾಲಿಯನ್ನಿನಲ್ಲಿ, ಅದೂ ತನ್ನೂರಿನ ಉಪಭಾಷೆಯಲ್ಲಿ ಹೇಳುತ್ತಾಳೆ. ಭಾಷೆ ಬಾರದವನು ಗೋಡೆಗೊರಗಿ ನಿಂತು ಗಂಟೆ ಕಳೆಯುತ್ತಾನೆ, ಹಾಜರಿಯಂತೂ ಬೀಳುತ್ತದೆ, ವಿದ್ಯೆ ಬರುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಇಟಾಲಿಯನ್ನನ್ನು ಎ2 (ಸರಳ ಮಾತುಕತೆಯ) ಹಂತದವರೆಗೆ ಕಲಿತು, ಎರಡನೆಯ ವರ್ಷದ ಕೊನೆಗೆ ಬಿ2 (ಸರಾಗವಾಗಿ ಮಾತಾಡುವ) ಹಂತ ಮುಟ್ಟುವ ಗುರಿ ಇಟ್ಟುಕೊಳ್ಳಿ. ಬೋಧನೆಯ ಒಲವು ಸಿದ್ಧಾಂತದ ಕಡೆಗೇ ಹೆಚ್ಚಾದ್ದರಿಂದ, ರೋಗಿಯ ಹಾಸಿಗೆಯ ಬಳಿ ಕಲಿಯುವ ಅವಕಾಶವನ್ನು ಕೇಳಿಯೇ ಪಡೆಯಬೇಕು. ಕೇಳಲು ಭಾಷೆ ಬೇಕು. ಭಾರತಕ್ಕೆ ಮರಳುವವರು ನಾಲ್ಕನೆಯ ವರ್ಷದಿಂದಲೇ ಎಫ್‌ಎಂಜಿಇ ಮಾದರಿಯ ಪ್ರಶ್ನೆಗಳನ್ನು ಬಿಡಿಸತೊಡಗಬೇಕು, ಏಕೆಂದರೆ ಮೌಖಿಕ ಪರೀಕ್ಷೆಗೆ ಪಳಗಿದ ಬುದ್ಧಿ ವಿವರಣೆಯಲ್ಲಿ ಚುರುಕಾದರೂ ನಾಲ್ಕು ಆಯ್ಕೆಗಳ ನಡುವೆ ತಟ್ಟನೆ ಒಂದನ್ನು ಹೆಕ್ಕುವುದರಲ್ಲಿ ಹಿಂದೆ ಬೀಳುತ್ತದೆ.

ಪದವಿಯ ನಂತರ

ಇಟಲಿಯಲ್ಲಿ ತಜ್ಞರಾಗಬಯಸುವವರು ವರ್ಷಕ್ಕೊಮ್ಮೆ ನಡೆಯುವ 140 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು. ಅದು ಇಟಾಲಿಯನ್ ಭಾಷೆಯಲ್ಲಿರುತ್ತದೆ. ತಜ್ಞ ತರಬೇತಿ ನಾಲ್ಕರಿಂದ ಐದು ವರ್ಷ, ತಿಂಗಳಿಗೆ ಕೈಗೆ ಸುಮಾರು 1,650 ಯೂರೋ ವೇತನ ಬರುತ್ತ ಬಂದಿದೆ.

ಭಾರತಕ್ಕೆ ಮರಳುವವರು ಪದವಿ ಪ್ರದಾನದ ಮರುದಿನವೇ ಸಾಮಾನು ಕಟ್ಟಬಾರದು. ಇಟಲಿಯಲ್ಲಿ ವೈದ್ಯರ ನೋಂದಣಿ ಮಾಡುವುದು ಆಯಾ ಜಿಲ್ಲೆಯ ವೈದ್ಯರ ಮಂಡಳಿ. ವಾಸ ಪರವಾನಗಿ ಜೀವಂತವಿರುವಾಗಲೇ ಅಲ್ಲಿ ಹೆಸರು ಬರೆಸಿ ಪ್ರಮಾಣಪತ್ರ ಪಡೆದರೆ, ಓದಿದ ದೇಶದಲ್ಲಿ ವೃತ್ತಿಗೆ ಅರ್ಹ ಎಂಬ ಷರತ್ತಿಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಜೊತೆಗೆ ಆರೂ ವರ್ಷಗಳ ಅಂಕಪಟ್ಟಿ, ವಿಷಯವಾರು ಪಠ್ಯಕ್ರಮ, ವಾರ್ಡ್ ತರಬೇತಿಯ ಗಂಟೆಗಳನ್ನು ವಿಭಾಗವಾರು ನಮೂದಿಸಿದ ಪತ್ರ, ಬೋಧನಾ ಮಾಧ್ಯಮದ ಪತ್ರ ಇವನ್ನೆಲ್ಲ ಇಂಗ್ಲಿಷಿನಲ್ಲಿ ಪಡೆದು ಅಲ್ಲೇ ಅಪೊಸ್ಟಿಲ್ ಮಾಡಿಸಿಕೊಳ್ಳಿ. ಪಾಸ್‌ಪೋರ್ಟಿನ ವಲಸೆ ಮುದ್ರೆಗಳಿರುವ ಪುಟಗಳನ್ನು ಪ್ರತಿ ಪ್ರಯಾಣದ ನಂತರ ನಕಲು ತೆಗೆದಿಡಿ, ಏಕೆಂದರೆ ತರಬೇತಿಯ ಅವಧಿಯಲ್ಲಿ ನೀವು ಇಟಲಿಯಲ್ಲೇ ಇದ್ದಿರೆಂದು ತೋರಿಸಬೇಕಾಗಿ ಬಂದಾಗ ನೆರವಿಗೆ ಬರುವುದು ಅವೇ. ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ಹಳೆಯದನ್ನು ಎಸೆಯಬೇಡಿ.